ಹಳೇ ಪಿಸಿಯನ್ನು ರೂಟರ್ ಮಾಡಿದೆ, 8 ಬೈಟ್ ಎರಡು ರಾತ್ರಿ ಕಾಡಿತು

ಹನುಮಂತನಗರದ ನಮ್ಮ ಮನೆಯಲ್ಲಿ ಕೆಳಗೆ ಅಮ್ಮ, ಮಹಡಿ ಮೇಲೆ ನಾವು. ಇಬ್ಬರಿಗೂ ಒಂದೇ ಫೈಬರ್ ಕನೆಕ್ಷನ್. ಅದನ್ನು ನನ್ನ ಕೈಗೆ ತಗೋಬೇಕು ಅಂತ ತುಂಬಾ ದಿನದಿಂದ ಆಸೆಯಿತ್ತು. ಅಟ್ಟದ ಮೇಲಿದ್ದ ಹಳೇ ಪಿಸಿ ಇಳಿಸಿದೆ. ಎಸ್‌ಪಿ ರೋಡಿನಿಂದ ಇನ್ನೊಂದು ನೆಟ್‌ವರ್ಕ್ ಕಾರ್ಡ್ ತಂದು ಹಾಕಿ, ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಮಾಡಿದೆ.

ಎರಡು ಪೋರ್ಟ್‌ಗಳಲ್ಲಿ ಯಾವುದು ಯಾವುದು ಅಂತ ಮೊದಲು ತಿಳಿಯಬೇಕು. ಒಂದು ಕೇಬಲ್ ಕಿತ್ತು 'ಐಪಿ ಲಿಂಕ್' ಕಮಾಂಡ್ ಕೊಟ್ಟೆ. ಡೌನ್ ಅಂತ ತೋರಿಸಿದ್ದೇ ಆ ಕೇಬಲಿನ ಪೋರ್ಟ್. ಪಕ್ಕದಲ್ಲೇ ಮಾರ್ಕರಿನಲ್ಲಿ 'ಹೊರಗೆ', 'ಒಳಗೆ' ಅಂತ ಬರೆದೆ. ಒಳಗಿನದಕ್ಕೆ 192.168.10.1 ವಿಳಾಸ ಕೊಟ್ಟೆ. ಹೊರಗಿನದರ ಮೇಲೆ ಪಿಪಿಪಿಒಇ ಲಾಗಿನ್, ಅಂದರೆ ಇಂಟರ್ನೆಟ್ ಕಂಪನಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರೋದು. ಒಂದು ಪೋರ್ಟ್‌ಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ 0 ಇದ್ದದ್ದನ್ನು 1 ಮಾಡಿ, ಲಿನಕ್ಸಿನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ನ್ಯಾಟ್ ರೂಲ್ (ಮನೆಯ ಎಲ್ಲಾ ಸಾಧನಗಳೂ ಹೊರಗೆ ಒಂದೇ ವಿಳಾಸದಿಂದ ಹೋಗೋ ಹಾಗೆ) ಸೇರಿಸಿದೆ. ಪಿಂಗ್ (ಆ ಕಡೆ ತಲುಪುತ್ತಾ ಅಂತ ನೋಡುವ ಪರೀಕ್ಷೆ) ಹೋಯಿತು.

ಸಂಜೆ ಅಮ್ಮ ಮೇಲೆ ಬಂದರು. "ವಾಟ್ಸಾಪ್ ಬರ್ತಿದೆ ಕಣೋ, ಬ್ಯಾಂಕಿನದು ಮಾತ್ರ ಸುತ್ತುತ್ತಾನೇ ಇದೆ."

ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಿದೆ, ಫೈರ್‌ವಾಲ್ ನೋಡಿದೆ, ಎಲ್ಲಾ ಸರಿಯಿತ್ತು. ಎರಡನೇ ರಾತ್ರಿ ಒಂದು ವಿಷಯ ಕಣ್ಣಿಗೆ ಬಿತ್ತು. ರೂಟರ್ ಪಿಸಿಯಲ್ಲೇ ಕೂತು ತೆರೆದರೆ ಬ್ಯಾಂಕಿನ ಪುಟ ತಕ್ಷಣ ಬರುತ್ತದೆ, ಅದರ ಹಿಂದಿರುವ ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇಲ್ಲ. ಇಂಥಾ ಸುಳಿವು ಸಿಕ್ಕರೆ ದಯವಿಟ್ಟು ಬಿಡಬೇಡಿ.

ಲ್ಯಾಪ್‌ಟಾಪಿನಿಂದ, ಪ್ಯಾಕೆಟ್ (ಡೇಟಾದ ಒಂದು ಕಂತು) ಒಡೆಯಬೇಡ ಅಂತ ಹೇಳಿ, ಪಿಂಗ್ ಗಾತ್ರ ಬದಲಿಸುತ್ತಾ ಹೋದೆ. 1472 ಬೈಟ್ ಹೋಗಲಿಲ್ಲ. 1464 ಹೋಯಿತು. ವ್ಯತ್ಯಾಸ ಬರೀ 8. ಇವಕ್ಕೆ 28 ಬೈಟ್ ಹೆಡರ್ (ಮುಂದೆ ಅಂಟಿಸುವ ವಿಳಾಸ ಮುಂತಾದ ಮಾಹಿತಿ) ಸೇರಿಸಿದರೆ 1500, 1492. ಈಥರ್ನೆಟ್‌ನಲ್ಲಿ 1500 ಬೈಟ್ ಹಿಡಿಸುತ್ತೆ, ಅದರಲ್ಲಿ ಪಿಪಿಪಿಒಇ ತನ್ನ ಹೆಡರಿಗೆ 8 ತಗೊಳ್ಳುತ್ತೆ, ಉಳಿಯೋದು 1492. ರೂಟರಿಗೆ ಇದು ಗೊತ್ತು, ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದು 1500ರ ಲೆಕ್ಕದಲ್ಲೇ ಸರ್ವರಿಗೆ ಹೇಳುತ್ತೆ, ಆ ಕಡೆಯಿಂದ ದೊಡ್ಡ ಪ್ಯಾಕೆಟ್ ಹೊರಡುತ್ತೆ, ದಾರಿಯಲ್ಲಿ ಹಿಡಿಸದೆ ಬಿದ್ದುಹೋಗುತ್ತೆ. 'ಗಾತ್ರ ಜಾಸ್ತಿಯಾಯಿತು' ಅಂತ ವಾಪಸ್ ಹೋಗುವ ಐಸಿಎಂಪಿ (ನೆಟ್‌ವರ್ಕ್ ತನ್ನ ತೊಂದರೆ ತಿಳಿಸುವ) ಸಂದೇಶವನ್ನು ಕೆಲವು ಕಡೆ ಫೈರ್‌ವಾಲ್ ತಡೆಯುತ್ತೆ. ಸರ್ವರಿಗೆ ಸುದ್ದಿಯೇ ಮುಟ್ಟಲ್ಲ. ಚಿಕ್ಕ ಮೆಸೇಜ್‌ಗಳಿಗೆ ಈ ತೊಂದರೆ ಬರಲ್ಲ, ಅದಕ್ಕೇ ವಾಟ್ಸಾಪ್ ನಡೀತಿತ್ತು. ಐಸಿಎಂಪಿಯನ್ನು ಸುಮ್ನೆ ಪೂರ್ತಿ ಬ್ಲಾಕ್ ಮಾಡೋದು ತಪ್ಪು ಅಂತ ನಾನು ಹೇಳೋದು ಇದಕ್ಕೇ.

ಪರಿಹಾರ ಒಂದೇ ಸಾಲು. ಹಾದುಹೋಗುವ ಟಿಸಿಪಿ ಸಿನ್ ಪ್ಯಾಕೆಟ್‌ಗಳಲ್ಲಿ (ಸಂಪರ್ಕ ಶುರುಮಾಡುವವು) ಎಂಎಸ್‌ಎಸ್ ಅನ್ನು, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹಿಡಿಸುವ ಡೇಟಾದ ಮಿತಿಯನ್ನು, 1452ಕ್ಕೆ ಇಳಿಸುವ ರೂಲ್. 1492ರಲ್ಲಿ ಐಪಿ ಹೆಡರಿಗೆ 20, ಟಿಸಿಪಿ ಹೆಡರಿಗೆ 20 ಕಳೆದರೆ ಅಷ್ಟೇ ಬರೋದು. ಎಂಟರ್ ಒತ್ತಿ ಕೆಳಗೆ ಓಡಿದೆ, ಅಮ್ಮನ ಫೋನಿನಲ್ಲಿ ಪಾಸ್‌ಬುಕ್ ತೆರೆದಿತ್ತು.

ಮಾರನೇ ದಿನ ಕರೆಂಟ್ ಹೋಗಿ ಬಂತು, ರೂಲ್ ಮಾಯ. ಕೈಯಲ್ಲಿ ಕೊಟ್ಟ ಕಮಾಂಡ್ ರೀಬೂಟ್ ಆದಮೇಲೆ ಉಳಿಯಲ್ಲ ಅಲ್ವಾ? ಈಗ ಅದು ಎನ್‌ಎಫ್‌ಟೇಬಲ್ಸ್‌ನ ಕಾನ್ಫಿಗ್ ಫೈಲಿನಲ್ಲಿದೆ, ಸರ್ವಿಸ್ ಎನೇಬಲ್ ಆಗಿದೆ. ಬೇಕಂತಲೇ ಎರಡು ಸಲ ಪ್ಲಗ್ ಕಿತ್ತು ಹಾಕಿಯೂ ನೋಡಿದ್ದೇನೆ.