ಹಿತ್ತಲಲ್ಲಿ ತುಡುವೆ ಜೇನು ಸಾಕಿದ ನನ್ನ ಅನುಭವ

ಜೇನು ಸಾಕುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ವರ್ಷಕ್ಕೆ ಎಷ್ಟು ತುಪ್ಪ ಬರುತ್ತದೆ? ಧಾರವಾಡದ ಕೆಲಗೇರಿ ಕಡೆ ಇರುವ ನಮ್ಮ ಹಿತ್ತಲಲ್ಲಿ, ವರ್ಷ ಚೆನ್ನಾಗಿದ್ದರೆ ಪೆಟ್ಟಿಗೆಗೆ ನಾಲ್ಕೈದು ಕಿಲೋ. ಹೂವಿನ ಹೊತ್ತಿಗೇ ಮಳೆ ಹೊಡೆದರೆ ಅದೂ ಇಲ್ಲ. ಮಳೆಗಾಲದಲ್ಲಿ ಹುಳ ಉಳಿದವಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಿಜವಾದ ಕೆಲಸ ಇರುವುದು ಅಲ್ಲೇ.

ನಾನು ಸಾಕುವುದು ತುಡುವೆ. ಹೆಜ್ಜೇನು, ಕೋಲುಜೇನು ಬಯಲಲ್ಲಿ ಮೇಣದ ಹಲಗೆಯಂಥ ಒಂದೇ ಎರಿ ಕಟ್ಟುವಂಥವು, ಪೆಟ್ಟಿಗೆಗೆ ಒಗ್ಗುವುದಿಲ್ಲ. ಮೆಲ್ಲಿಫೆರಾ ಅನ್ನುವ ಯುರೋಪಿನ ಜೇನು ತುಪ್ಪ ಜಾಸ್ತಿ ಕೊಡುತ್ತದೆ ನಿಜ. ಆದರೆ ಹೂ ಎಲ್ಲಿದೆಯೋ ಅಲ್ಲಿಗೆ ಪೆಟ್ಟಿಗೆ ಸಾಗಿಸುತ್ತಾ ಇರಬೇಕು. ಒಂದೆರಡು ಪೆಟ್ಟಿಗೆ ಇಡುವವರಿಗೆ ಅದು ಬೇಡದ ಉಸಾಬರಿ. ತುಡುವೆ ನಮ್ಮ ಕಡೆಯದೇ. ಹಾಳು ಬಾವಿಯ ಕಲ್ಲುಸಂದಿ, ಮರದ ಪೊಟರೆ, ಎಲ್ಲಾದರೂ ಸರಿ, ಕತ್ತಲಿದ್ದರೆ ಸಾಕು.

ಮೊದಲ ಜೇನು ಕುಟುಂಬ ಸಿಕ್ಕಿದ್ದು ಪಕ್ಕದ ಓಣಿಯಲ್ಲಿ. "ಅಣ್ಣಾರ, ಹಳೇ ಮೀಟರ್ ಡಬ್ಬ್ಯಾಗ ಜೇನ ಕುಂತಾವು. ನಮ್ಮನಿಯವ್ರು ಬೆಂಕಿ ಹಚ್ಚೂಕಿಂತ ಮೊದ್ಲ ಬಂದ ಒಯ್ರಿ" ಅಂತ ಅಲ್ಲಿನ ಅಕ್ಕಾರು ಫೋನ್ ಮಾಡಿದರು. ಸಂಜೆ ಹೊತ್ತು ಇಳಿದ ಮೇಲೆ ಹೋದೆ. ತೆಂಗಿನ ನಾರಿನ ಹೊಗೆ ಸ್ವಲ್ಪವೇ ಕೊಟ್ಟು ಎರಿಗಳನ್ನು ಒಂದೊಂದಾಗಿ ಕೊಯ್ದೆ. ಮರಿ ಇರುವ ಎರಿಯನ್ನು ಪೆಟ್ಟಿಗೆಯೊಳಗಿನ ಫ್ರೇಮಿನ ಅಳತೆಗೆ ಕತ್ತರಿಸಿ ಬಾಳೆ ನಾರಿನಿಂದ ಕಟ್ಟಬೇಕು. ತಲೆಕೆಳಗು ಮಾಡಬಾರದು. ಕೆಲವು ದಿನಗಳಲ್ಲಿ ಹುಳಗಳೇ ಅದನ್ನು ಮೇಣದಿಂದ ಬೆಸೆದುಕೊಂಡು ನಾರನ್ನು ಕಚ್ಚಿ ಹಾಕುತ್ತವೆ. ಮುಖ್ಯವಾದದ್ದು ರಾಣಿ. ರಾಣಿ ಒಳಗೆ ಹೋದಳು ಅನ್ನುವುದು ಬಾಗಿಲಲ್ಲೇ ತಿಳಿಯುತ್ತದೆ. ಒಂದಷ್ಟು ಹುಳ ಹಿಂಭಾಗ ಮೇಲೆತ್ತಿ, ರೆಕ್ಕೆ ಬಡಿದು ವಾಸನೆ ಹರಡುತ್ತವೆ. ಹೊರಗೆ ಉಳಿದವು ಆ ವಾಸನೆ ಹಿಡಿದು ತಾವಾಗಿಯೇ ನಡೆದುಕೊಂಡು ಒಳಗೆ ಹೋಗುತ್ತವೆ. ಆಮೇಲೆ ಕೆಲವು ದಿನ ರಾಣಿ ಗೇಟು ಹಾಕಿದ್ದೆ. ಅದರ ಸಂದಿಯಲ್ಲಿ ಕೆಲಸಗಾರ ಹುಳ ಹಾಯುತ್ತದೆ, ರಾಣಿ ಹಾಯುವುದಿಲ್ಲ.

ಪೆಟ್ಟಿಗೆ ನ್ಯೂಟನ್ ಮಾದರಿಯದು. ಕೆಳಗೆ ಮರಿ ಕೋಣೆ, ಮೇಲೆ ಜೇನು ಕೋಣೆ. ನುಗ್ಗೆ ಗಿಡದ ಅರೆನೆರಳಲ್ಲಿ, ಬಾಗಿಲು ಪೂರ್ವಕ್ಕೆ ಮಾಡಿ ಇಟ್ಟಿದ್ದೇನೆ. ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿ. ಇರುವೆಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಆದರೆ ಬೇಸಿಗೆಯಲ್ಲಿ ನೀರು ಆರದ ಹಾಗೆ ನೋಡಿಕೊಳ್ಳಬೇಕು. ಹುಳಗಳಿಗೆ ಕುಡಿಯಲು ಬೇರೆ ತಟ್ಟೆ, ಅದರಲ್ಲಿ ಬೆಣಚುಕಲ್ಲು. ಇಲ್ಲದಿದ್ದರೆ ಪಕ್ಕದ ಮನೆಯ ನಲ್ಲಿಗೆ ಹೋಗುತ್ತವೆ, ಆಮೇಲೆ ಜಗಳ ನಮಗೆ.

ಏಪ್ರಿಲ್ ಸೆಕೆಯಲ್ಲಿ ಬಾಗಿಲ ಹತ್ತಿರ ಕೂತು ನೋಡುವುದು ನನಗೆ ಇಷ್ಟ. ಹುಳಗಳು ಸಾಲಾಗಿ ಹೊರಗೆ ಮುಖ ಮಾಡಿ ನಿಂತು ರೆಕ್ಕೆ ಬೀಸುತ್ತಾ ಒಳಗೆ ಗಾಳಿ ತಳ್ಳುತ್ತವೆ. ಮೆಲ್ಲಿಫೆರಾ ಹುಳ ಇದಕ್ಕೆ ಉಲ್ಟಾ, ಬಾಗಿಲ ಕಡೆ ಮುಖ ಮಾಡಿ ಗಾಳಿ ಹೊರಗೆ ಎಳೆಯುತ್ತದೆ.

ತುಪ್ಪ ತೆಗೆಯುವುದು ಬೇವು, ಹೊಂಗೆ ಹೂ ಮುಗಿದ ಮೇಲೆ. ಎರಿಯ ಕಣ್ಣುಗಳಿಗೆ, ಅಂದರೆ ಅದರ ಪುಟ್ಟ ಗೂಡುಗಳಿಗೆ, ಮೇಣದ ಮುಚ್ಚಳ ಬಿದ್ದಿರಬೇಕು. ಮುಚ್ಚಳ ಬೀಳದ ತುಪ್ಪದಲ್ಲಿ ನೀರಿನಂಶ ಜಾಸ್ತಿ, ಇಟ್ಟರೆ ಹುಳಿ ಬರುತ್ತದೆ. ಬಿಸಿನೀರಲ್ಲಿ ಅದ್ದಿದ ಚಾಕುವಿನಿಂದ ಮುಚ್ಚಳ ಸವರಿ, ಫ್ರೇಮನ್ನು ತುಪ್ಪ ತೆಗೆಯುವ ಯಂತ್ರದಲ್ಲಿ ಇಟ್ಟು ತಿರುಗಿಸಿದರೆ ಆಯಿತು. ಎರಿ ಒಡೆಯುವುದಿಲ್ಲ, ಮತ್ತೆ ಹುಳಗಳಿಗೇ ವಾಪಸ್. ಸವರಿದ ಮೇಣದಲ್ಲಿ ಅಂಟಿದ ತುಪ್ಪ ಓಣಿಯ ಮಕ್ಕಳ ಪಾಲು. "ಕಾಕಾ, ನನಗೂ" ಅಂತ ಸಾಲು ನಿಲ್ಲುತ್ತವೆ, ಅಗಿದು ಮೇಣ ಉಗುಳುತ್ತವೆ.

ಹೂ ಬದಲಾದ ಹಾಗೆ ರುಚಿ ಬದಲು. ಬೇವಿನ ಕಾಲದ ತುಪ್ಪದಲ್ಲಿ ಗಂಟಲಿಗೆ ಇಳಿಯುವಾಗ ಚೂರು ಕಹಿ ಸಿಗುತ್ತದೆ. ಒಂದು ವರ್ಷ ಪೆಟ್ಟಿಗೆಯನ್ನು ರಾತ್ರಿ ಬಾಗಿಲು ಮುಚ್ಚಿ ನವಲಗುಂದದ ಕಡೆ ಸಂಬಂಧಿಕರ ಹೊಲಕ್ಕೆ ಒಯ್ದಿದ್ದೆ. ಸೂರ್ಯಕಾಂತಿ ಹೂ ಬಿಟ್ಟಿತ್ತು. ಆ ತುಪ್ಪ ಬೇಗನೆ ಸಕ್ಕರೆಯಂತೆ ಹರಳುಗಟ್ಟಿತು. ಕೊಟ್ಟವರೆಲ್ಲ "ಬೆಲ್ಲ ಕೂಡಿಸೀರೇನ್ರಿ?" ಅಂದರು! ಸೂರ್ಯಕಾಂತಿ ತುಪ್ಪದ ಗುಣವೇ ಅದು, ಗ್ಲೂಕೋಸ್ ಜಾಸ್ತಿ. ಬಾಟಲಿಯನ್ನು ಬೆಚ್ಚಗಿನ ನೀರಲ್ಲಿ ಇಟ್ಟರೆ ಕರಗುತ್ತದೆ. ನನಗೆ ಹರಳಿನದೇ ಇಷ್ಟ. ಬಿಸಿ ಸಜ್ಜಿ ರೊಟ್ಟಿ, ಮೇಲೆ ಬೆಣ್ಣೆ, ಅದರ ಮೇಲೆ ಒಂದು ಚಮಚ. ವರ್ಷ ತುಂಬದ ಕೂಸಿಗೆ ಮಾತ್ರ ಹಿರಿಯರು ಹೇಳಿದರೂ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಬೊಟುಲಿಸಂ ಅನ್ನುವ ಕಾಯಿಲೆಯ ಬೀಜಾಣು ಎಳೆಯ ಹೊಟ್ಟೆಗೆ ಅಪಾಯ.

ಇನ್ನು ಮಳೆಗಾಲ. ಜಿಟಿಜಿಟಿ ಮಳೆ ಹಿಡಿದರೆ ಧಾರವಾಡದಲ್ಲಿ ಹುಳ ವಾರಗಟ್ಟಲೆ ಸರಿಯಾಗಿ ಹೊರಗೆ ಬೀಳುವುದಿಲ್ಲ. ಒಳಗೆ ದಾಸ್ತಾನು ಮುಗಿದರೆ ತುಡುವೆ ಕಾಯುತ್ತಾ ಕೂರುವುದಿಲ್ಲ, ಪೆಟ್ಟಿಗೆ ಬಿಟ್ಟು ಹಾರಿ ಹೋಗುತ್ತದೆ. ಅದಕ್ಕೆ ನಾನು ಬೇಸಿಗೆಯ ಕೊನೆಯ ತುಪ್ಪ ಮುಟ್ಟುವುದಿಲ್ಲ, ಮರಿ ಕೋಣೆಯದ್ದಂತೂ ಯಾವತ್ತೂ ಇಲ್ಲ. ಜೂನ್‌ನಲ್ಲಿ ಮೇಲಿನ ಕೋಣೆ ಇಳಿಸಿ, ಹುಳ ಕೂರದ ಖಾಲಿ ಎರಿ ತೆಗೆಯುತ್ತೇನೆ. ಬಿಟ್ಟರೆ ಮೇಣದ ಪತಂಗ ಮೊಟ್ಟೆ ಇಡುತ್ತದೆ, ಅದರ ಮರಿಹುಳು ಎರಿ ತುಂಬಾ ಬಿಳಿ ಬಲೆ ಕಟ್ಟುತ್ತದೆ. ಸಕ್ಕರೆ, ನೀರು ಸಮಸಮ ಕಾಯಿಸಿ, ಆರಿಸಿ, ಕತ್ತಲಾದ ಮೇಲೆ ಪೆಟ್ಟಿಗೆಯ ಒಳಗೇ ಇಡುತ್ತೇನೆ. ಹಗಲಲ್ಲಿ ಇಟ್ಟರೆ, ಹೊರಗೆ ಒಂದು ಹನಿ ಚೆಲ್ಲಿದರೂ, ಬೇರೆ ಗೂಡಿನ ಹುಳ ದರೋಡೆಗೆ ಬರುತ್ತವೆ. ಈ ಸಕ್ಕರೆ ಪಾಕ ಹುಳ ಬದುಕಲಿಕ್ಕೆ. ಇದನ್ನು ತಿಂದು ಕೂಡಿಟ್ಟದ್ದನ್ನು ತೆಗೆದು ಜೇನು ಅಂತ ಮಾರುವವರ ಬಗ್ಗೆ ಏನು ಹೇಳುವುದು ಬಿಡಿ.

ರೋಗದ ಮಾತೂ ಹೇಳಲೇಬೇಕು. 1991–92ರಲ್ಲಿ ಥೈ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ದಕ್ಷಿಣ ಭಾರತಕ್ಕೆ ಬಂದು ತುಡುವೆ ಕುಟುಂಬಗಳನ್ನು ರಾಶಿ ರಾಶಿ ಕೊಂದಿತ್ತು. ಮರಿ ನೀರು ತುಂಬಿದ ಚೀಲದ ಹಾಗೆ ಆಗಿ ಎರಿಯ ಕಣ್ಣಿನೊಳಗೇ ಸಾಯುತ್ತದೆ. ಇದಕ್ಕೆ ಔಷಧಿ ಇಲ್ಲ. ಹಾಗಾಗಿ ಹೊಸ ಕುಟುಂಬ ಕೊಳ್ಳುವಾಗ ಮರಿ ಎರಿ ಎತ್ತಿ ನೋಡದೆ ದುಡ್ಡು ಕೊಡಬೇಡಿ.

ಶುರು ಮಾಡುವವರು ಮಳೆ ನಿಂತ ಮೇಲೆ, ಗುರೆಳ್ಳು ಹೂವಿನ ಹೊತ್ತಿಗೆ ಮಾಡಿ. ಮುಂದೆ ಹಿಂಗಾರಿ ಬೆಳೆ, ಬೇವು, ಹೊಂಗೆ ಅಂತ ಹೂ ಸಿಗುತ್ತಾ ಹೋಗುತ್ತದೆ, ಮುಂದಿನ ಮಳೆಗೆ ಕುಟುಂಬ ಗಟ್ಟಿಯಾಗಿರುತ್ತದೆ. ಪೆಟ್ಟಿಗೆಗೆ ಸಹಾಯಧನ ಇದೆಯಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಒಂದೇ ಪೆಟ್ಟಿಗೆ ಬೇಡ, ಎರಡು ಇಡಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ ಕೊಡಬಹುದು, ಹುಳಗಳೇ ಹೊಸ ರಾಣಿ ಬೆಳೆಸಿಕೊಳ್ಳುತ್ತವೆ.