ಎಂಥ ನೋವು ಎಂದು ಕೇಳದೆ ಕರೆಂಟ್ ಕೊಡುವುದಿಲ್ಲ

ಸುರತ್ಕಲ್ ಪೇಟೆಯಿಂದ ತುಸು ಒಳಗೆ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಉಂಟು. ಬರುವವರಲ್ಲಿ ಹೆಚ್ಚಿನವರು ಕೂರುವ ಮೊದಲೇ "ಕರೆಂಟ್ ಕೊಡಿ ಡಾಕ್ಟ್ರೆ" ಅನ್ನುತ್ತಾರೆ. ಕರೆಂಟ್ ಎಂದರೆ ಟೆನ್ಸ್ ಯಂತ್ರ. ಚರ್ಮಕ್ಕೆ ಪ್ಯಾಡ್ ಅಂಟಿಸಿ ಹದವಾಗಿ ವಿದ್ಯುತ್ ಹರಿಸಿದರೆ ಜುಮುಜುಮು ಅನ್ನುತ್ತದೆ, ಅಷ್ಟು ಹೊತ್ತು ನೋವು ಹಿಂದೆ ಸರಿಯುತ್ತದೆ. ಮೊಣಕೈಗೆ ಪೆಟ್ಟಾದಾಗ ತಾನಾಗಿ ಉಜ್ಜಿಕೊಳ್ಳುತ್ತೇವಲ್ಲ, ಲೆಕ್ಕ ಅದೇ. ಸ್ಪರ್ಶದ ಸುದ್ದಿ ಒಯ್ಯುವ ದಪ್ಪ ನರತಂತುಗಳು ಚುರುಕಾದರೆ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜ್ಯಾಕ್ ಮತ್ತು ವಾಲ್ ಇದನ್ನು 1965ರಲ್ಲೇ ಬರೆದಿಟ್ಟರು. ವಿವರಗಳು ಆಮೇಲೆ ತಿದ್ದಲ್ಪಟ್ಟರೂ ಮೂಲ ವಿಚಾರ ಈಗಲೂ ಕೆಲಸಕ್ಕೆ ಬರುತ್ತದೆ. ಆದರೆ ಎಷ್ಟೋ ಜನರಿಗೆ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನೋವು ವಾಪಸ್. ಆದ್ದರಿಂದ ನಾನು ಮೊದಲು ಮಾತಾಡಿಸುತ್ತೇನೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದೂ ಕೇಳುವುದುಂಟು, ಅದು ಮುಂದಿನ ಸಲ ಹೋಲಿಸಿ ನೋಡಲಿಕ್ಕೆ ಮಾತ್ರ. ಏನು ಮಾಡಬೇಕೆಂದು ನನಗೆ ತಿಳಿಯುವುದು ನೋವು ಎಂಥದ್ದು, ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾವಾಗ ಏರುತ್ತದೆ ಎಂಬುದರಿಂದ.

ನಮ್ಮ ಕಡೆ ಬೀಡಿ ಕಟ್ಟುವ ಹೆಂಗಸರು ತುಂಬ. ಕ್ಲಿನಿಕ್ಕಿನಲ್ಲಿ ಅವರನ್ನು ನೋಡುವುದಕ್ಕಿಂತ ಜಗಲಿಯಲ್ಲಿ ಕೆಲಸ ಮಾಡುವಾಗ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನೆಲದ ಮೇಲೆ ಕೂತು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು, ಕುತ್ತಿಗೆ ಬಗ್ಗಿಸಿ, ಎಲೆ ಸುರುಳಿ ಮಾಡಿ ತುದಿ ಒಳಗೆ ಮಡಚುತ್ತಾರೆ. ಹೆಬ್ಬೆರಳು, ತೋರುಬೆರಳಿಗೆ ಬಿಡುವೇ ಇಲ್ಲ. ಕುತ್ತಿಗೆಯಿಂದ ಹೆಗಲಿನವರೆಗೆ ಎಳೆದ ಹಾಗೆ ನೋವು, ಸಂಜೆ ಜಾಸ್ತಿ. ಬೆರಳಿಟ್ಟು ಒತ್ತಿದರೆ "ಹಾಂ, ಅಲ್ಲೇ!" ಅನ್ನುತ್ತಾರೆ. ಇದು ದಣಿದ ಸ್ನಾಯುವಿನ ನೋವು, ಎಲ್ಲಕ್ಕಿಂತ ಸಲೀಸಾಗಿ ಬಗ್ಗುವ ಜಾತಿ.

ಇವರಿಗೆ "ರೆಸ್ಟ್ ತಗೊಳ್ಳಿ" ಅನ್ನುವುದು ನನ್ನ ಪ್ರಕಾರ ಬೇಜವಾಬ್ದಾರಿ ಮಾತು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ರೆಸ್ಟ್ ಎಂದರೆ ಆ ದಿನದ ದುಡ್ಡು ಹೋಯಿತು. ಅದಕ್ಕೆ ಬದಲು ಬೆನ್ನನ್ನು ಗೋಡೆಗೆ ಆನಿಸಿ ಕೂರಿಸುತ್ತೇನೆ, ತಡ್ಪೆಯ ಅಡಿಗೆ ಗಟ್ಟಿ ದಿಂಬು ಕೊಟ್ಟು ಎತ್ತರ ಮಾಡಿಸುತ್ತೇನೆ. ಒಂದು ಕಟ್ಟು ಮುಗಿದಾಗಲೆಲ್ಲ ಹೆಗಲನ್ನು ಹಿಂದಕ್ಕೆ ಎಳೆದು ಬಿಡಬೇಕು, ಗದ್ದವನ್ನು ಒಳಗೆ ತಳ್ಳಬೇಕು. ರಾತ್ರಿ ಕಾಲು ಗಂಟೆ ಬಿಸಿ ಶಾಖ. ಮುರಿವೆಣ್ಣೆ ಎಂಬ ಆಯುರ್ವೇದದ ಎಣ್ಣೆ ಹಚ್ಚಲಾ ಎಂದು ಕೇಳಿದರೆ ಹಚ್ಚಿ ಅನ್ನುತ್ತೇನೆ, ಸ್ನಾಯುವಿನ ಮೇಲೆ ಹಗುರಾಗಿ ಕೈಯಾಡಿಸುವುದರಲ್ಲಿ ನನ್ನ ತಕರಾರಿಲ್ಲ.

ಅದೇ ಹೆಂಗಸು "ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗ್ತದೆ, ಕೊಡವಿದರೆ ಸರಿ ಆಗ್ತದೆ" ಅಂದರೆ ನನ್ನ ಲಕ್ಷ್ಯ ಕುತ್ತಿಗೆ ಬಿಟ್ಟು ಮಣಿಕಟ್ಟಿಗೆ ಹೋಗುತ್ತದೆ. ಕಿರುಬೆರಳಿಗೂ ಜೋಮು ಉಂಟಾ ಎಂದು ಕೇಳುತ್ತೇನೆ. ಅದೊಂದನ್ನು ಬಿಟ್ಟು ಉಳಿದ ಬೆರಳುಗಳಿಗೆ ಇದ್ದರೆ ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರ ಒತ್ತಿಹೋಗಿರುವ ಸಂಶಯ. ಎರಡೂ ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಸಿದಾಗ ಜೋಮು ಬಂದರೆ ಸಂಶಯ ಬಲವಾಗುತ್ತದೆ. ಇಲ್ಲಿ ತಿಕ್ಕಿ ಪ್ರಯೋಜನವಿಲ್ಲ. ರಾತ್ರಿ ಮಣಿಕಟ್ಟು ನೆಟ್ಟಗಿರುವ ಹಾಗೆ ಸ್ಪ್ಲಿಂಟ್ ಕಟ್ಟಿ ಮಲಗಬೇಕು. ಹೆಬ್ಬೆರಳ ಬುಡದ ಮಾಂಸ ಇಳಿಯತೊಡಗಿದ್ದರೆ ಸರ್ಜನ್ ಹತ್ತಿರ ಕಳಿಸುತ್ತೇನೆ.

ನರದ ನೋವಿನಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಸಕ್ಕರೆ ಕಾಯಿಲೆಯವರ ಪಾದ. ಉರಿ ಉರಿ, ರಾತ್ರಿ ಹೊದಿಕೆ ತಾಗಿದರೂ ಸಹಿಸಲಿಕ್ಕಾಗದು. ಅದೇ ಪಾದಕ್ಕೆ 10 ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿ, ಕಣ್ಣು ಮುಚ್ಚಿಸಿ ಕೇಳಿದರೆ ಎಷ್ಟೋ ಕಡೆ ಗೊತ್ತೇ ಆಗುವುದಿಲ್ಲ. ಉರಿಯುವ ಕಾಲಿಗೆ ಸ್ಪರ್ಶವಿಲ್ಲ ಎಂದರೆ ಮನೆಯವರು ನಂಬುವುದಿಲ್ಲ. ಆ ಎಳೆಯನ್ನು ಮಗಳ ಕೈಗೇ ಕೊಟ್ಟು ಪರೀಕ್ಷೆ ಮಾಡಿಸುತ್ತೇನೆ. ಇಂಥವರು ಬಚ್ಚಲ ಹಂಡೆಯ ಬಿಸಿನೀರು ತೋಡಿ ಕಾಲು ಮುಳುಗಿಸುತ್ತಾರೆ. ಬೊಬ್ಬೆ ಎದ್ದದ್ದು ಮರುದಿನ ಬೇರೆಯವರು ನೋಡಿ ಹೇಳಬೇಕು. ಗಾಯ ಆಮೇಲೆ ಮಾಯುವುದಿಲ್ಲ. ಹೆಗಲಿಗೆ ಒಳ್ಳೆಯದಾದ ಶಾಖ ಇಲ್ಲಿ ಅಪಾಯ.

ಮೆಡಿಕಲ್‌ನಿಂದ ತಂದು ನುಂಗುವ ನೋವಿನ ಮಾತ್ರೆ ಡೈಕ್ಲೊಫಿನ್ಯಾಕ್ ಉಳುಕಿಗೆ, ಊತಕ್ಕೆ ಸರಿ. ಈ ಉರಿಗೆ ಅದು ತಾಗುವುದೇ ಇಲ್ಲ. ಸಕ್ಕರೆಯಿಂದ ಮೊದಲೇ ಸೋತ ಕಿಡ್ನಿಗೆ ಮಾತ್ರ ತಾಗುತ್ತದೆ. ನರದ ನೋವಿಗೆ ವೈದ್ಯರು ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಮೊದಲಾದವನ್ನು ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ. ಗುಣ ಕಾಣಲಿಕ್ಕೆ ವಾರಗಳು ಹಿಡಿಯುತ್ತವೆ, ತೂಕಡಿಕೆ ಬರುತ್ತದೆ. "ಎರಡು ದಿನ ತಿಂದೆ, ಏನೂ ಆಗ್ಲಿಲ್ಲ, ಬಿಟ್ಟೆ" ಎಂಬ ಮಾತು ನಾನು ಕೇಳುತ್ತಲೇ ಇರುತ್ತೇನೆ.

ಕೆಲವು ನೋವು ನನ್ನ ಮೇಜಿಗೆ ಬರಲೇಬಾರದು. ಎಡ ಹೆಗಲು ನೋವೆಂದು ಬಂದ ಒಬ್ಬರ ಕೈಯನ್ನು ಮೇಲೆ, ಹಿಂದೆ, ಹೇಗೆ ತಿರುಗಿಸಿದರೂ ನೋವು ಏರಲಿಲ್ಲ, ಇಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಜಾಸ್ತಿಯಾಗುತ್ತದಾ ಎಂದು ಕೇಳಿದೆ. "ಹೌದು, ಗ್ಯಾಸ್ ಇರ್ಬೇಕು ಮಾರಾಯ್ರೆ" ಅಂದರು. ಹೃದಯದ್ದಿರಬಹುದೆಂದು ಅಲ್ಲಿಂದಲೇ ರಿಕ್ಷಾ ಹತ್ತಿಸಿ ಇಸಿಜಿಗೆ ಕಳಿಸಿದೆ. ಸೊಂಟನೋವಿನ ಜತೆ ಮೂತ್ರ ಕಟ್ಟಿದರೂ, ಕೂರುವ ಜಾಗ ಮರಗಟ್ಟಿದರೂ ಹಾಗೆಯೇ: ಅದು ಅದೇ ದಿನ ಆಸ್ಪತ್ರೆಯ ಕೆಲಸ.

ಇನ್ನು ಮೂರು ತಿಂಗಳು ದಾಟಿ ವರ್ಷಗಟ್ಟಲೆ ಉಳಿದ ನೋವು. ಗಾಯ ಮಾಯ್ದಿರುತ್ತದೆ, ನರ ಕತ್ತರಿಸಿರುವುದಿಲ್ಲ, ಆದರೂ ಸಣ್ಣ ತಾಗುವಿಕೆಗೂ ನರಮಂಡಲ ಜೋರಾಗಿ ಪ್ರತಿಕ್ರಿಯಿಸುತ್ತದೆ. ಇಂಥವರು ಎಂಆರ್‌ಐ ಫೈಲ್ ಎದೆಗೊತ್ತಿಕೊಂಡು ಬರುತ್ತಾರೆ. ನೋವೇ ಇಲ್ಲದ ಎಂಬತ್ತರ ಪ್ರಾಯದವರನ್ನು ಸ್ಕ್ಯಾನ್ ಮಾಡಿದರೂ ಬಹುಪಾಲು ಜನರಲ್ಲಿ ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕ್ ಉಬ್ಬಿರುವುದು ಕಾಣುತ್ತದೆ ಎಂದು ಹೇಳಿದಾಗ ಕೆಲವರಿಗೆ ಧೈರ್ಯ, ಕೆಲವರಿಗೆ ಸಿಟ್ಟು. ಸಿಟ್ಟು ಬರುವುದು ಸಹಜ, ಎಷ್ಟೋ ಕಡೆ "ನಿಮಗೆ ಏನೂ ಇಲ್ಲ" ಅನ್ನಿಸಿಕೊಂಡು ಬಂದಿರುತ್ತಾರೆ. ನೋವು ನಿಜ ಎಂದು ಮೊದಲು ಒಪ್ಪಿಕೊಂಡೇ ನಾನು ಮುಂದಿನ ಮಾತು ತೆಗೆಯುವುದು.

ಅವರಿಗೆ ನಿದ್ದೆ ಸರಿಮಾಡುವುದೂ ನಡಿಗೆಯೂ ಚಿಕಿತ್ಸೆ. ಮೊದಲ ವಾರ ಗೇಟಿನವರೆಗೆ, ಆಮೇಲೆ ಬಸ್ ಸ್ಟ್ಯಾಂಡಿನವರೆಗೆ. ನೋವು ಕಡಿಮೆ ಇದೆಯೆಂದು ಒಂದೇ ದಿನ ಅಂಗಳವೆಲ್ಲ ಗುಡಿಸಿ, ಮರುದಿನ ಮಲಗುವುದು ಬೇಡ. ಜೋರಿದೆಯೆಂದು ನಡಿಗೆ ಪೂರ್ತಿ ನಿಲ್ಲಿಸುವುದೂ ಬೇಡ, ಅರ್ಧ ದೂರಕ್ಕೆ ಇಳಿಸಿದರೆ ಸಾಕು. ಕರೆಂಟ್ ಕೇಳಿದರೆ ಕೊಡುತ್ತೇನೆ, ಆ ದಿನದ ನಡಿಗೆ ಮುಗಿಸಿ ಬಂದಿದ್ದರೆ.