ಕ್ಯಾಲಿಫೋರ್ನಿಯಾ ಕೌಂಟಿ ಕೋರ್ಟಿಂದ ಕ್ರಿಮಿನಲ್ ರೆಕಾರ್ಡ್ ತಗೊಳೋದು ಹೇಗೆ

ಮೊದ್ಲು ಕೇಸು ಯಾವ ಕೌಂಟೀಲಿ ನಡೀತು ಅಂತ ತಿಳ್ಕೊಳ್ಳಿ, 58 ಕೌಂಟಿ ಇದಾವೆ, ಒಂದೊಂದಕ್ಕೂ ಅದರದ್ದೇ ಸುಪೀರಿಯರ್ ಕೋರ್ಟು (ಕೇಸು ಮೊದ್ಲು ವಿಚಾರಣೆಗೆ ಬರೋ ಕೋರ್ಟು), ಅದರದ್ದೇ ವೆಬ್‌ಸೈಟು. ಕೇಸ್ ನಂಬರ್ ಕೈಲಿದ್ರೆ ಅರ್ಧ ಕೆಲಸ ಮುಗೀತು. ಇಲ್ದಿದ್ರೆ ಹೆಸರಲ್ಲೇ ಹುಡುಕ್ಬೇಕು, 2021ರ ಅಪೀಲ್ ಕೋರ್ಟ್ ತೀರ್ಪಾದ್ಮೇಲೆ ಹುಟ್ಟಿದ ತಾರೀಕು ಹಾಕಿ ಹುಡುಕೋಕೆ ಬಿಡಲ್ಲ. ನಮ್ಮೋರ ಹೆಸರಂತೂ ಕೇಳ್ಬೇಡಿ, ಅಪ್ಪನ ಹೆಸರೇ ಲಾಸ್ಟ್ ನೇಮ್ ಆಗಿ ಕೂತಿರತ್ತೆ, ಅದಕ್ಕೇ ಹಿಂದೆಮುಂದೆ ಮಾಡಿ, ‘ಮೂರ್ತಿ’ಗೆ ಎಚ್ ಹಾಕಿ ಒಂದ್ಸಲ ತೆಗೆದು ಒಂದ್ಸಲ ನೋಡಿ. ಫೈಲಲ್ಲಿರೋ ಪೇಪರ್‌ಗಳು ಮನೇಲಿ ಕೂತ್ರೆ ಓಪನ್ ಆಗಲ್ಲ, ಕೋರ್ಟಿಗೇ ಹೋಗಿ ನೋಡ್ಬೇಕು, ಸ್ಯಾನ್ ಹೋಸೇಲಾದ್ರೆ ವೆಸ್ಟ್ ಹೆಡಿಂಗ್ ಸ್ಟ್ರೀಟಿನ ಹಾಲ್ ಆಫ್ ಜಸ್ಟಿಸ್. ಕಾಪಿ ಪೇಜಿಗೆ 50 ಸೆಂಟು, ಸರ್ಟಿಫೈಡ್ ಬೇಕಂದ್ರೆ ಅದರ ಮೇಲೆ 40 ಡಾಲರ್, ದುಬಾರಿನೇ, ಆದ್ರೆ ಗ್ರೀನ್ ಕಾರ್ಡ್ ಅರ್ಜಿಗೆ ಅದನ್ನೇ ಕೇಳೋದು. ಫೆಡರಲ್ ಕೇಸು ಇಲ್ಲಿ ಸಿಗಲ್ಲ, ಅದಕ್ಕೆ ಪೇಸರ್ (PACER) ಅನ್ನೋ ಫೆಡರಲ್ ಕೋರ್ಟುಗಳ ಆನ್‌ಲೈನ್ ರೆಕಾರ್ಡ್ ಸೈಟ್ ನೋಡಿ.